ಇನ್ನೆರಡು ಹೆಜ್ಜೆ ಮುಂದೆ ಬನ್ನಿ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್, ಹಳೇ ಫೋಟೋ ರಿಪೇರಿ, ಎಲ್ಲಾ ಮಾಡುತ್ತೇನೆ. ಈಗೀಗ ಜನ ಮೊಬೈಲ್ ತಂದು ಕೌಂಟರ್ ಮೇಲಿಟ್ಟು, "ಇದನ್ನ ಸ್ವಲ್ಪ ದೊಡ್ಡದು ಮಾಡಿ ಫ್ರೇಮ್ ಹಾಕ್ಕೊಡಿ" ಅನ್ನುತ್ತಾರೆ. ನೋಡಿದರೆ ಮೇಲೆ ಅರ್ಧ ಆಕಾಶ, ಕೆಳಗೆ ಒಂದಷ್ಟು ನೆಲ, ನಡುವೆ ಎಲ್ಲೋ ಒಂದು ಕಡೆ ಅಜ್ಜಿ. ಮುಖ ಹುಡುಕಬೇಕು. ಪಕ್ಕದಲ್ಲಿ ನಿಂತಿರುವ ಸ್ಕೂಟರಿನ ನಂಬರ್ ಪ್ಲೇಟ್ ಮಾತ್ರ ಚೆನ್ನಾಗಿ ಓದಬಹುದು.

ಇಂಥ ಫೋಟೋಗಳ ತೊಂದರೆ ನೂರಕ್ಕೆ ತೊಂಬತ್ತು ಪಾಲು ಒಂದೇ. ತೆಗೆದವರು ದೂರ ನಿಂತಿದ್ದಾರೆ. ಕ್ಯಾಮೆರಾ ಕೆಟ್ಟದ್ದಲ್ಲ, ಬೆಳಕೂ ಕೆಟ್ಟದ್ದಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಅಜ್ಜಿ ಎದುರಿಗಿದ್ದಾಗ ನಮ್ಮ ಕಣ್ಣು ಅವರ ಮುಖವನ್ನೇ ನೋಡುತ್ತಿರುತ್ತದೆ. ಕರೆಂಟ್ ಕಂಬ, ಸ್ಕೂಟರು, ಒಣಗಲು ಹಾಕಿದ ಟವೆಲ್ಲು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮೊಬೈಲಿಗೆ ಈ ಬುದ್ಧಿ ಇಲ್ಲ. ಅಜ್ಜಿಗೆಷ್ಟು ಮರ್ಯಾದೆಯೋ ಸ್ಕೂಟರಿಗೂ ಅಷ್ಟೇ. ಇನ್ನೊಂದು ಕಾರಣವೂ ಇದೆ. ಮೊಬೈಲಿನಲ್ಲಿ 1ಎಕ್ಸ್ ಅಂತ ತೋರಿಸುವ ಕ್ಯಾಮೆರಾ ಹಳೇ ಫಿಲಂ ಕ್ಯಾಮೆರಾ ಲೆಕ್ಕದಲ್ಲಿ ಸುಮಾರು 24ರಿಂದ 26 ಎಂ.ಎಂ. ಲೆನ್ಸು. ಅಂದರೆ ಅಗಲದ ಲೆನ್ಸು. ನಮ್ಮ ಕಾಲದಲ್ಲಿ ಛತ್ರದಲ್ಲಿ ಗ್ರೂಪ್ ಫೋಟೋ ತೆಗೆಯುವುದಕ್ಕೆ ಬಳಸುತ್ತಿದ್ದಂಥದ್ದು. ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುವುದಕ್ಕಿಂತ ದೂರ ಹೋದಂತೆ ಕಾಣುತ್ತದೆ. ಒಬ್ಬರ ಫೋಟೋ ತೆಗೆಯಬೇಕು ಅಂದರೆ ನಿಮಗೆ "ಇಷ್ಟು ಹತ್ತಿರ ಸಾಕು" ಅನ್ನಿಸಿದ ಜಾಗದಿಂದ ಇನ್ನೆರಡು ಹೆಜ್ಜೆ ಮುಂದೆ ಹೋಗಬೇಕು.

ಅರಮನೆ ಮುಂದಿನ ಲೆಕ್ಕ

ಭಾನುವಾರ ಸಂಜೆ ಕತ್ತಲಾಗುತ್ತಿದ್ದಂತೆ ನಮ್ಮ ಅರಮನೆಗೆ ದೀಪ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹತ್ತಿಕೊಂಡ ತಕ್ಷಣ ಎಲ್ಲರ ಕೈಯಲ್ಲೂ ಮೊಬೈಲು. ಅಮ್ಮ, ಮಕ್ಕಳು ಅರಮನೆ ಕಡೆಗೆ ನಡೆದು ಹೋಗಿ ಸಾಲಾಗಿ ನಿಲ್ಲುತ್ತಾರೆ. ಅಪ್ಪ ಗೋಪುರವೆಲ್ಲ ಹಿಡಿಸಬೇಕು ಅಂತ ಹಿಂದೆ ಹಿಂದೆ ಹೋಗುತ್ತಾರೆ. ಕೊನೆಗೆ ಬರುವುದು ಏನು? ಅರಮನೆ ಚೆನ್ನಾಗಿ ಬಂದಿರುತ್ತದೆ, ಮನೆಯವರು ನಾಲ್ಕು ಕಪ್ಪು ಕಡ್ಡಿಗಳು.

ಇಲ್ಲಿ ಒಂದು ಸರಳ ಲೆಕ್ಕ ಇದೆ. ದೂರ ಅರ್ಧ ಆದರೆ ಅಳತೆ ಎರಡರಷ್ಟು. ಅರಮನೆ ನಿಮ್ಮಿಂದ ನೂರೈವತ್ತು ಮೀಟರ್ ಆಚೆ ಇದೆ, ಮನೆಯವರು ಹತ್ತು ಮೀಟರ್ ಆಚೆ ನಿಂತಿದ್ದಾರೆ ಅಂದುಕೊಳ್ಳಿ. ಅವರನ್ನು ನಿಮ್ಮ ಕಡೆಗೆ ಕರೆಯಿರಿ. ಎರಡೂವರೆ ಮೀಟರ್ ದೂರಕ್ಕೆ ಬಂದು ನಿಲ್ಲಲಿ. ಈಗ ಅವರು ಮೊದಲಿಗಿಂತ ನಾಲ್ಕರಷ್ಟು ದೊಡ್ಡದಾಗಿ ಕಾಣುತ್ತಾರೆ. ನೀವು ಕದಲಿಲ್ಲವಾದ್ದರಿಂದ ಅರಮನೆ ಎಷ್ಟಿತ್ತೋ ಅಷ್ಟೇ ಇರುತ್ತದೆ. ಅರಮನೆ ಇಷ್ಟೂ ಬಂತು, ಮುಖಗಳೂ ಬಂದವು. ಕಾಲು ಬರಲಿಲ್ಲ ಅಂತ ಯಾರಾದರೂ ಗೊಣಗಬಹುದು. ಕಾಲು ಯಾರಿಗೆ ಬೇಕು? ಹೊಸ ಚಪ್ಪಲಿ ತೋರಿಸಬೇಕಿದ್ದರೆ ಅದರದ್ದೇ ಬೇರೆ ಫೋಟೋ ತೆಗೆಯಿರಿ.

ರಾತ್ರಿ ಹೊತ್ತು ಹತ್ತಿರ ಇರುವುದಕ್ಕೆ ಇನ್ನೊಂದು ಲಾಭ. ಬೆಳಕೆಲ್ಲ ಹಿಂದಿನಿಂದ ಬರುತ್ತಿರುವುದರಿಂದ ಮುಖ ಕಪ್ಪಾಗುತ್ತದೆ. ಮೊಬೈಲಿನ ಫ್ಲ್ಯಾಶು ಎರಡು ಮೂರು ಮೀಟರ್ ದಾಟಿ ಏನೂ ಮಾಡುವುದಿಲ್ಲ. ಹತ್ತು ಮೀಟರ್ ಆಚೆ ನಿಂತವರಿಗೆ ಫ್ಲ್ಯಾಶ್ ಹೊಡೆದರೂ ಒಂದೇ, ಬಿಟ್ಟರೂ ಒಂದೇ. ಹತ್ತಿರ ಇದ್ದರೆ ಕೆಲಸ ಮಾಡುತ್ತದೆ.

ಈ ಉಪಾಯ ಗೋಳಗುಮ್ಮಟಕ್ಕೂ ಆಗುತ್ತದೆ, ಜೋಗಕ್ಕೂ ಆಗುತ್ತದೆ. ದೊಡ್ಡದು ಹಿಂದೆ ಇರಲಿ, ನಿಮ್ಮವರು ಕ್ಯಾಮೆರಾ ಹತ್ತಿರಕ್ಕೆ ಬರಲಿ. ಅಷ್ಟೇ.

ಜೂಮ್ ಮಾಡಿದರೆ ಆಗುವುದಿಲ್ಲವಾ?

ಸ್ಟುಡಿಯೋಗೆ ಬರುವ ಹುಡುಗರೆಲ್ಲ ಇದನ್ನೇ ಕೇಳುತ್ತಾರೆ. ಆಗುತ್ತದೆ, ಆದರೆ ಅದು ಬೇರೆ ಫೋಟೋ.

ಮೊದಲು ಮೊಬೈಲಿನ ವಿಷಯ. ಎರಡು ಬೆರಳಲ್ಲಿ ಸ್ಕ್ರೀನ್ ಹಿಗ್ಗಿಸಿ ಮಾಡುವ ಜೂಮು ಹೆಚ್ಚಿನ ಫೋನುಗಳಲ್ಲಿ ಬರೀ ಕತ್ತರಿ ಕೆಲಸ. 12 ಮೆಗಾಪಿಕ್ಸೆಲ್ ಫೋಟೋವನ್ನು ಎರಡರಷ್ಟು ಹಿಗ್ಗಿಸಿದರೆ ಉಳಿಯುವುದು ನಾಲ್ಕನೇ ಒಂದು ಭಾಗ, ಅಂದರೆ 3 ಮೆಗಾಪಿಕ್ಸೆಲ್. ನಾಲ್ಕರಷ್ಟು ಹಿಗ್ಗಿಸಿದರೆ ಒಂದೂ ಇಲ್ಲ, ಮುಕ್ಕಾಲು. ಮಿಕ್ಕಿದ್ದನ್ನು ಫೋನು ತಾನೇ ಊಹಿಸಿ ತುಂಬಿಸುತ್ತದೆ. ಕೂದಲು ಬಣ್ಣ ಬಳಿದ ಹಾಗೆ ಕಾಣುವುದು ಅದಕ್ಕೇ. 50 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಫೋನಾದರೆ 2ಎಕ್ಸ್ ತನಕ ಪರವಾಗಿಲ್ಲ. ಜೂಮಿಗೇ ಬೇರೆ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಧಾರಾಳವಾಗಿ ಬಳಸಿ.

ಲೆನ್ಸ್ ಎಷ್ಟೇ ಒಳ್ಳೆಯದಾದರೂ ನಡೆದು ಹತ್ತಿರ ಹೋಗುವುದು, ಜೂಮ್ ಮಾಡುವುದು ಎರಡೂ ಒಂದೇ ಅಲ್ಲ. ನಂಜನಗೂಡಿನ ದೊಡ್ಡ ಜಾತ್ರೆ ಅಂದುಕೊಳ್ಳಿ. ನಿಮ್ಮ ಮಗಳು ನಿಮ್ಮಿಂದ ನಾಲ್ಕು ಮೀಟರ್ ದೂರದಲ್ಲಿ ನಿಂತಿದ್ದಾಳೆ. ಅವಳಿಂದ ಎಂಟು ಮೀಟರ್ ಹಿಂದೆ ತೇರು. ನಿಂತಲ್ಲೇ ನಿಂತು 2ಎಕ್ಸ್ ಮಾಡಿದರೆ ಮಗಳೂ ಎರಡರಷ್ಟಾಗುತ್ತಾಳೆ, ತೇರೂ ಎರಡರಷ್ಟಾಗುತ್ತದೆ. ತೇರಿನ ಮೇಲ್ಭಾಗ ಹೊರಗೆ ಹೋಗಿ, ಮಗಳ ಹಿಂದೆ ಬರೀ ಚಕ್ರ, ಹಗ್ಗ, ಜನ. ಜೂಮ್ ಬಿಟ್ಟು ಎರಡು ಮೀಟರ್ ಮುಂದೆ ನಡೆದರೆ ಮಗಳು ಎರಡರಷ್ಟಾದಳು. ತೇರು ಹನ್ನೆರಡು ಮೀಟರಿನಿಂದ ಹತ್ತು ಮೀಟರಿಗೆ ಬಂತು ಅಷ್ಟೇ, ಹಾಗಾಗಿ ಸ್ವಲ್ಪವೇ ಬೆಳೆಯಿತು. ಮಗಳ ನಗುವೂ ಸಿಕ್ಕಿತು, ಹಿಂದೆ ತೇರೂ ಪೂರ್ತಿ ಉಳಿಯಿತು. ಹಿನ್ನೆಲೆ ಬೇಡ ಅನ್ನಿಸಿದಾಗ ಜೂಮು. ಹಿನ್ನೆಲೆಯೂ ಬೇಕು, ಆದರೆ ಹಿಂದೇ ಇರಬೇಕು ಅನ್ನಿಸಿದಾಗ ಕಾಲು.

ದೇವರಾಜ ಮಾರ್ಕೆಟ್ಟಿನಲ್ಲಿ ಅಭ್ಯಾಸ

ಕಲಿಯಬೇಕು ಅನ್ನುವವರನ್ನು ನಾನು ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ಕಳಿಸುತ್ತೇನೆ, ಪುರುಸೊತ್ತಿದ್ದರೆ ನಾನೂ ಹೋಗುತ್ತೇನೆ. ಮೇಲಿನ ಸಂದಿಗಳಿಂದ ಬೆಳಕು ಬೀಳುತ್ತದೆ, ಬಣ್ಣ ಬೇಕಾದಷ್ಟಿದೆ, ಜನ ತಮ್ಮ ಪಾಡಿಗೆ ತಾವಿರುತ್ತಾರೆ. ನೀವು ನಿಮ್ಮೂರಿನ ಸಂತೆಯಲ್ಲೇ ಮಾಡಬಹುದು.

ಅಭ್ಯಾಸ ಹೀಗೆ. ಏನನ್ನು ತೆಗೆಯಬೇಕು ಅನ್ನಿಸಿತೋ ಅದನ್ನು ನಿಂತಲ್ಲಿಂದಲೇ ಒಂದು ತೆಗೆಯಿರಿ. ಆ ದೂರದಲ್ಲಿ ಅರ್ಧ ನಡೆಯಿರಿ, ಇನ್ನೊಂದು ತೆಗೆಯಿರಿ. ಉಳಿದಿದ್ದರಲ್ಲಿ ಮತ್ತೆ ಅರ್ಧ. ಜೂಮ್ ಮುಟ್ಟಬೇಡಿ. ಪ್ರತಿ ಸಲ ನಿಂತಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಇದರಲ್ಲಿ ಏನು ಬಿಟ್ಟುಹೋಯಿತು? ಅದು ಹೋಗಿದ್ದು ಒಳ್ಳೆಯದಾಯಿತಾ?

ಹೂವಿನ ಸಾಲಿನಲ್ಲಿ ಒಬ್ಬರು ಅಕ್ಕ ಕೂರುತ್ತಾರೆ. ನಾಲ್ಕು ಮೀಟರಿನಿಂದ ತೆಗೆದರೆ ಅಂಗಡಿ ಅಂಗಡಿಯೇ ಬರುತ್ತದೆ. ಮಂಕರಿ, ತಕ್ಕಡಿ, ನೇತಾಡುವ ಬಲ್ಬು, ಪ್ಲಾಸ್ಟಿಕ್ ಕವರಿನ ಗೊಂಚಲು, ಗಿರಾಕಿಗಳ ಬೆನ್ನು. ಇದು ಮಾರ್ಕೆಟ್ಟಿನ ಫೋಟೋ. ತಪ್ಪೇನಿಲ್ಲ, ಆದರೆ ಅಕ್ಕ ಅದರಲ್ಲಿ ಇದ್ದಾರಾ ಅಂತ ಕೇಳಿದರೆ ಹುಡುಕಬೇಕು. ಎರಡು ಮೀಟರಿಗೆ ಬಂದರೆ ಬೆನ್ನುಗಳು ಮಾಯ. ಅಕ್ಕ, ಅವರ ಮುಂದೆ ಮಲ್ಲಿಗೆ ಗುಡ್ಡೆ, ಪಕ್ಕದಲ್ಲಿ ಒದ್ದೆ ಗೋಣಿಚೀಲ. ಇದು ಅಕ್ಕನ ಫೋಟೋ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ.

ಒಂದು ಮೀಟರಿಗೆ ಬಂದು ಕುಕ್ಕರಗಾಲಲ್ಲಿ ಕೂತರೆ ಕೈ ಕಾಣುತ್ತದೆ. ನೆನೆಸಿದ ಬಾಳೆ ನಾರು. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ, ತೊಟ್ಟಿಗೆ ತೊಟ್ಟು ತಾಗಿಸಿ. ಬಲಗೈ ನಾರನ್ನು ಒಂದು ಸುತ್ತು ತಂದು ಕುಣಿಕೆಯೊಳಗೆ ತೂರಿಸಿ ಎಳೆಯುತ್ತದೆ. ಮಧ್ಯೆ ಮಧ್ಯೆ ಒಂದೆಳೆ ಮರುಗ. ಬೆರಳ ತುದಿ ನೀರಲ್ಲಿ ನೆಂದು ಸುಕ್ಕುಗಟ್ಟಿದೆ, ಉಗುರಿನ ಸಂದಿ ಹಸಿರಾಗಿದೆ. ಬೆರಳು ಎಷ್ಟು ಚುರುಕು ಅಂದರೆ ಕ್ಲಿಕ್ ಮಾಡುವಷ್ಟರಲ್ಲಿ ಮುಂದಿನ ಮೊಗ್ಗಿಗೆ ಹೋಗಿರುತ್ತದೆ, ಫೋಟೋ ಅಲುಗಿರುತ್ತದೆ. ಆದರೆ ಕುಣಿಕೆ ಎಳೆದು ಬಿಗಿಯಾದಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, ಆ ತಾಳ ಸಿಕ್ಕಿದ ಮೇಲೆ ಎಳೆಯುವ ಹೊತ್ತಿಗೆ ಒತ್ತಿ. ನಾರು ಬಿಗಿಯಾಗಿರುತ್ತದೆ, ಬೆರಳು ಸ್ಪಷ್ಟವಾಗಿ ಬರುತ್ತದೆ. ಈ ಫೋಟೋ ದೂರದಿಂದ ಸಿಗುವುದಿಲ್ಲ. ದೂರದಲ್ಲಿ ನಿಂತವರಿಗೆ ಕೈ ನಿಲ್ಲುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ.

ಅಲ್ಲೇ ಮುಂದೆ ಕುಂಕುಮ, ಬಣ್ಣದ ಪುಡಿಗಳ ಅಂಗಡಿ. ಗೋಪುರದ ಹಾಗೆ ಒತ್ತಿಟ್ಟ ಗುಡ್ಡೆಗಳು. ಊರಿಗೆ ಬಂದವರೆಲ್ಲ ತೆಗೆಯುವ ಫೋಟೋ ಇದು, ಎಲ್ಲರದ್ದೂ ಒಂದೇ ಥರ. ಇದ್ದಬದ್ದ ಬಣ್ಣವೆಲ್ಲ ಒಂದೇ ಫೋಟೋದಲ್ಲಿ ಬರಬೇಕು ಅನ್ನುವ ಆಸೆ. ಎರಡು ಗುಡ್ಡೆ ಸಾಕು. ಕೆಂಪು, ಅರಿಶಿನ ತಾಗುವ ಜಾಗದಲ್ಲಿ ಪುಡಿ ಸ್ವಲ್ಪ ಬೆರೆತಿರುತ್ತದೆ. ಅಲ್ಲಿಗೆ ಹೋಗಿ. ಉಸಿರು ಮಾತ್ರ ಜೋರಾಗಿ ಬಿಡಬೇಡಿ, ಅಂಗಡಿಯವರು ಬೈಯುತ್ತಾರೆ.

ಕೇಳುವುದು ಹೇಗೆ

ಹತ್ತಿರ ಹೋಗದೆ ಇರುವುದಕ್ಕೆ ನಿಜವಾದ ಕಾರಣ ಸಂಕೋಚ. ದೂರದಿಂದ ಕದ್ದು ತೆಗೆದರೆ ಯಾರಿಗೂ ತೊಂದರೆ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ತೆಗೆಸಿಕೊಂಡವರನ್ನು ಕೇಳಿ ನೋಡಿ. ಕದ್ದು ತೆಗೆದರೇ ಅವರಿಗೆ ಕೋಪ ಜಾಸ್ತಿ.

ಹೂವಿನ ಅಕ್ಕನ ಜೊತೆ ನಮ್ಮ ಮಾತು ಹೀಗೆ ನಡೆಯಿತು.

"ಅಕ್ಕಾ, ನೀವು ಹೂ ಕಟ್ಟೋದು ಒಂದು ಫೋಟೋ ತಗೊಳ್ಲಾ?"

"ನನ್ನ ಫೋಟೋ ಯಾಕಪ್ಪಾ. ಹೂವಿಂದು ತಗೋ."

"ಮುಖ ಬೇಡ ಅಕ್ಕಾ, ಕೈ ಮಾತ್ರ."

"ಕೈಯಲ್ಲೇನೈತೆ? ಮೊದ್ಲು ಹೂ ತಗೊಂತೀಯಾ ಇಲ್ವಾ ಹೇಳು."

ಒಂದು ಮಾರು ತೆಗೆದುಕೊಂಡೆ. ಆಮೇಲೆ ಎಷ್ಟು ಹೊತ್ತು ಕೂತರೂ ಅಕ್ಕ ತಲೆ ಎತ್ತಲಿಲ್ಲ. ಫೋಟೋ ತೋರಿಸಿದಾಗ ಅವರು ನೋಡಿದ್ದು ಬೆರಳೂ ಅಲ್ಲ, ನಾರೂ ಅಲ್ಲ. "ಬಳೆ ಚೆನ್ನಾಗಿ ಬಂದೈತೆ" ಅಂದರು.

ಮೊದಲು ಮೊಬೈಲ್ ಜೇಬಲ್ಲಿಟ್ಟು ಮಾತಾಡಿಸಿ. ಹತ್ತಿರ ಹೋಗಿ ಕೇಳಿ, ದೂರದಿಂದ ಸನ್ನೆ ಮಾಡಬೇಡಿ. ಬೇಡ ಅಂದರೆ ನಕ್ಕು ಮುಂದೆ ಹೋಗಿ, ಇನ್ನೊಬ್ಬರು ಇರುತ್ತಾರೆ. ತೆಗೆದದ್ದನ್ನು ತೋರಿಸಿ. ಸಾಧ್ಯವಾದರೆ ಮುಂದಿನ ಸಲ ಒಂದು 4x6 ಇಂಚಿನ ಪ್ರಿಂಟ್ ಕೊಡಿ. ಪ್ರಿಂಟ್ ಕೊಟ್ಟವರನ್ನು ಮಾರ್ಕೆಟ್ಟಿನವರು ಮರೆಯುವುದಿಲ್ಲ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳದೆ ತೆಗೆಯಲೇಬೇಡಿ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಫೋಟೋಗಳು ಎಲ್ಲಾದರೂ ಸಿಕ್ಕರೆ ನಿಧಾನವಾಗಿ ನೋಡಿ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನವಾಗಿದ್ದವು. ಮಂತ್ರಿ ಮಹೋದಯರನ್ನೂ ತೆಗೆದವರು ಅವರು. ಆದರೆ ನನಗೆ ಇಷ್ಟ ಬೀದಿಯ ಜನರ ಚಿತ್ರಗಳು. ಆ ಜನ ಕ್ಯಾಮೆರಾಗೆ ಹೆದರಿದ ಹಾಗೆ ಕಾಣುವುದಿಲ್ಲ. ಮಾತಾಡಿಸಿಕೊಂಡು ತೆಗೆದ ಹಾಗೆ ಕಾಣುತ್ತದೆ.

ಮುಖಕ್ಕೆ ಒಂದು ಎಚ್ಚರಿಕೆ

ಇಷ್ಟು ಹೇಳಿದ ಮೇಲೆ ನೀವು 1ಎಕ್ಸಿನಲ್ಲಿ ಯಾರದ್ದಾದರೂ ಮೂಗಿನ ಮುಂದೆ ಮೊಬೈಲ್ ಹಿಡಿದರೆ ಬೈಸಿಕೊಳ್ಳುವುದು ನಾನು. ಮುಖಕ್ಕೆ ಒಂದು ಮಿತಿ ಇದೆ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂದುಕೊಳ್ಳಿ. ಮೊಬೈಲು ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 42ರಲ್ಲಿರುತ್ತದೆ. ಕಿವಿಗೆ ಹೋಲಿಸಿದರೆ ಮೂಗು ನೂರಕ್ಕೆ ನಲವತ್ತರಷ್ಟು ಊದಿಕೊಂಡ ಹಾಗಾಯಿತು. ಸೆಲ್ಫಿಯಲ್ಲಿ ಎಲ್ಲರ ಮೂಗೂ ದಪ್ಪ ಕಾಣುವುದು ಇದಕ್ಕೇ. ದೇವರು ಕೊಟ್ಟಿದ್ದಲ್ಲ. ಅದೇ ಒಂದೂವರೆ ಮೀಟರಿನಿಂದ ತೆಗೆದರೆ ವ್ಯತ್ಯಾಸ ನೂರಕ್ಕೆ ಎಂಟು. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಮುಖ ತುಂಬಾ ಬೇಕು ಅಂದರೆ ಒಂದೂವರೆ ಮೀಟರಿನಲ್ಲಿ ನಿಂತು 2ಎಕ್ಸ್ ಅಥವಾ 3ಎಕ್ಸ್ ಬಳಸಿ. ಇಲ್ಲಿ ಜೂಮಿಗೆ ಮರ್ಯಾದೆ ಇದೆ.

ಎಲ್ಲಿ ಕತ್ತರಿಸಬೇಕು ಅನ್ನುವುದೂ ಹತ್ತಿರ ಹೋದಾಗಲೇ ಎದುರಾಗುವ ಪ್ರಶ್ನೆ. ತಲೆಯ ಮೇಲ್ಭಾಗ ಸ್ವಲ್ಪ ಹೋದರೆ ಪರವಾಗಿಲ್ಲ, ಗಲ್ಲ ಹೋದರೆ ಅಸಹ್ಯ. ಮಣಿಕಟ್ಟು, ಮೊಣಕೈ, ಮಂಡಿ, ಈ ಕೀಲುಗಳಲ್ಲಿ ಕತ್ತರಿಸಿದರೆ ಕೈಕಾಲು ತುಂಡಾದ ಹಾಗೆ ಕಾಣುತ್ತದೆ. ಎರಡು ಕೀಲುಗಳ ಮಧ್ಯೆ ಕತ್ತರಿಸಿ. ಒತ್ತುವ ಮೊದಲು ನಾಲ್ಕು ಮೂಲೆ ಒಂದು ಸಲ ನೋಡಿ. ಯಾರದ್ದೋ ಮೊಣಕೈ, ಕುಡಿದಿಟ್ಟ ಕಾಫಿ ಲೋಟ ಅಲ್ಲೇ ಅಡಗಿರುತ್ತದೆ.

ಹತ್ತಿರ ಹೋಗುವುದು ಅಂದರೆ ಮುಂದಕ್ಕೆ ಮಾತ್ರ ಅಲ್ಲ, ಕೆಳಕ್ಕೂ ಹೋಗಬೇಕು. ನೆಲದ ಮೇಲೆ ಕೂತು ಆಡುವ ಮಗುವನ್ನು ನಿಂತುಕೊಂಡು ತೆಗೆದರೆ ಬರುವುದು ನೆತ್ತಿ. ನೀವೂ ನೆಲಕ್ಕೆ ಕೂತುಕೊಳ್ಳಿ, ಬೇಕಿದ್ದರೆ ಮಲಗಿ. ಪ್ಯಾಂಟ್ ತೊಳೆದರೆ ಹೋಗುತ್ತದೆ.

ಧಾರೆ ಹೊತ್ತಿನಲ್ಲಿ

ಮದುವೆ ನನ್ನ ಹೊಟ್ಟೆಪಾಡು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲೇ ಒಂದು ವಿನಂತಿ. ತಾಳಿ ಕಟ್ಟುವಾಗ ನೀವು ಹತ್ತಿರ ಬರಬೇಡಿ. ಆ ಅರ್ಧ ನಿಮಿಷದಲ್ಲಿ ಹತ್ತು ಮೊಬೈಲು ನಮ್ಮ ಲೆನ್ಸ್ ಮುಂದೆ ಬಂದರೆ ಮದುಮಕ್ಕಳ ಆಲ್ಬಮ್ಮಿನಲ್ಲಿ ತಾಳಿ ಬದಲು ನಿಮ್ಮ ಮಾವನ ವಾಚು ಇರುತ್ತದೆ. ಅದು ನಮಗೆ ಬಿಡಿ.

ಧಾರೆ ಹಾಗಲ್ಲ. ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಮನೆಯವರು ಎರೆದ ಮೇಲೆ ಬಂದವರೂ ಸಾಲಾಗಿ ನಿಂತು ಹಾಲೆರೆಯುತ್ತಾರೆ. ಬೇಕಾದಷ್ಟು ಸಮಯ ಇರುತ್ತದೆ, ಅವಕಾಶವೂ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಮಂಟಪದ ಎದುರಿನಿಂದ ಹತ್ತು ಅಡಿ ದೂರ ನಿಂತು ಪೂರ್ತಿ ಮಂಟಪ ತೆಗೆಯುತ್ತಾರೆ. ಅದರಲ್ಲಿ ಬಾಳೆಕಂದು, ಸೀರಿಯಲ್ ಸೆಟ್, ವಿಡಿಯೋ ಲೈಟಿನ ಸ್ಟ್ಯಾಂಡ್, ಪುರೋಹಿತರ ಮೊಬೈಲು, ಎಲ್ಲಾ ಇರುತ್ತದೆ. ನೀವು ಪಕ್ಕಕ್ಕೆ ಬನ್ನಿ. ಸಾಲಿಗೆ ಅಡ್ಡ ಬರದ ಹಾಗೆ ಮಂಡಿಯೂರಿ, ಕ್ಯಾಮೆರಾ ಅವರ ಕೈಯ ಎತ್ತರಕ್ಕೆ ಇರಲಿ. ಕೆಳಗೆ ಅಪ್ಪನ ಕೈ, ಮೇಲೆ ವಧುವರರ ಕೈ, ಅದರ ಮೇಲೆ ತೆಂಗಿನಕಾಯಿ. ಹಾಲು ಕಾಯಿಯ ಮೇಲಿಂದ ಇಳಿದು ಬೆರಳುಗಳ ಸಂದಿಯಲ್ಲಿ ಕವಲೊಡೆದು, ಮೆಹಂದಿಯ ಮೇಲೆ ಹರಿದು ಕೆಳಗಿನ ತಟ್ಟೆಗೆ ಬೀಳುತ್ತದೆ. ಫ್ರೇಮಿನಲ್ಲಿ ಕೈಗಳು, ಕಾಯಿ, ಎರೆಯುವವರ ಚೊಂಬಿನ ಬಾಯಿ ಇಷ್ಟೇ ಇರಲಿ. ಅಪ್ಪನ ಕೈ ಸಣ್ಣಗೆ ನಡುಗುತ್ತಿದ್ದರೆ ಅದು ಈ ದೂರದಲ್ಲಿ ಮಾತ್ರ ಕಾಣುತ್ತದೆ.

ಎದುರಿನಿಂದ ವಿಡಿಯೋದವರ ಲೈಟ್ ಬೀಳುತ್ತಿರುತ್ತದೆ. ಪಕ್ಕಕ್ಕೆ ಬಂದರೆ ಅದೇ ಬೆಳಕು ನಿಮಗೆ ಅಡ್ಡಬೆಳಕಾಗಿ ಹಾಲಿನ ಎಳೆ ಹೊಳೆಯುತ್ತದೆ. ಫ್ಲ್ಯಾಶ್ ಆರಿಸಿ.

ದೊಡ್ಡ ಕ್ಯಾಮೆರಾ ಇರುವವರಿಗೆ ಒಂದು ಮಾತು. 50 ಎಂ.ಎಂ. ಎಫ್ 1.8 ಲೆನ್ಸು ಈ ಕೆಲಸಕ್ಕೆ ಚೆನ್ನ. ಎಫ್ ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ, ಅಂಕಿ ಸಣ್ಣದಾದಷ್ಟೂ ಬಾಯಿ ದೊಡ್ಡದು. 35ರಿಂದ 45 ಸೆಂಟಿಮೀಟರ್ ತನಕ ಹತ್ತಿರ ಹೋದರೂ ಫೋಕಸ್ ಆಗುತ್ತದೆ. 85 ಎಂ.ಎಂ. ಆದರೆ ಸುಮಾರು 80 ಸೆಂಟಿಮೀಟರಿಗೇ ಕೈ ಎತ್ತಿಬಿಡುತ್ತದೆ. ಆದರೆ ಹತ್ತಿರ ಹೋದಷ್ಟೂ ಫೋಕಸಿನ ಆಳ ಕಡಿಮೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೇ ಫಿಲಂ ಅಳತೆಯ ಸೆನ್ಸರ್ ಇರುವಂಥದ್ದು) 50 ಎಂ.ಎಂ. ಲೆನ್ಸನ್ನು ಎಫ್ 1.8ರಲ್ಲಿಟ್ಟು ಒಂದು ಮೀಟರಿನಿಂದ ತೆಗೆದರೆ ಚೂಪಾಗಿ ಬರುವುದು ನಾಲ್ಕು ಸೆಂಟಿಮೀಟರ್ ಮಾತ್ರ. ಕಾಯಿಯ ಜುಟ್ಟು ಚೂಪು, ಬೆರಳು ಮಸುಕು. ಎಫ್ 4ಕ್ಕೆ ತನ್ನಿ, ಚೂಪಾಗಿ ಬರುವ ಆಳ ಹೆಚ್ಚುತ್ತದೆ.

ಹತ್ತಿರ ಹೋದಾಗ ಮೊಬೈಲ್ ಮಾಡುವ ತರಲೆ

ಕೆಲವು ಫೋನುಗಳ ಮುಖ್ಯ ಕ್ಯಾಮೆರಾ ಒಂದು ಗೇಣಿಗಿಂತ ಹತ್ತಿರ ಫೋಕಸ್ ಆಗುವುದೇ ಇಲ್ಲ. ಇನ್ನೂ ಹತ್ತಿರ ಹೋದರೆ ಫೋನು ನಿಮ್ಮನ್ನು ಕೇಳದೆ ಇನ್ನೂ ಅಗಲದ ಬೇರೆ ಲೆನ್ಸಿಗೆ ಬದಲಾಗಿ ಮ್ಯಾಕ್ರೋ, ಅಂದರೆ ತೀರ ಹತ್ತಿರದ ಫೋಟೋ, ಮಾಡುತ್ತದೆ. ಸ್ಕ್ರೀನಿನಲ್ಲಿ ಚಿತ್ರ ತಟ್ಟನೆ ಜಿಗಿದ ಹಾಗಾದರೆ ಅದೇ. ಬೆಳಕು ಕಡಿಮೆ ಇದ್ದರೆ ಆ ಲೆನ್ಸು ಅಷ್ಟಕ್ಕಷ್ಟೆ. ಒಂದಿಷ್ಟು ಹಿಂದೆ ಸರಿದು 2ಎಕ್ಸಿನಲ್ಲಿ ತೆಗೆದರೆ ಎಷ್ಟೋ ಸಲ ಚೆನ್ನಾಗಿ ಬರುತ್ತದೆ.

ಹತ್ತಿರ ಹೋದಷ್ಟೂ ಕೈ ಅಲುಗಿದ್ದೂ ಜಾಸ್ತಿ ಕಾಣುತ್ತದೆ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಯಾವುದು ಮುಖ್ಯವೋ ಅದರ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಮಲ್ಲಿಗೆಯಂಥ ಬಿಳಿ ವಸ್ತು ಸುಣ್ಣ ಬಳಿದ ಹಾಗೆ ಕಂಡರೆ ಅಲ್ಲೇ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿ. ನಿಮ್ಮದೇ ನೆರಳು ಬೀಳುತ್ತಿದ್ದರೆ ಒಂದು ಪಕ್ಕಕ್ಕೆ ಸರಿಯಿರಿ. ಲೆನ್ಸ್ ಒರೆಸಿ. ಸ್ಟುಡಿಯೋಗೆ ಬರುವ ಅರ್ಧ ಫೋಟೋಗಳ ಮೇಲೆ ಮಂಜು ಕವಿದಿದ್ದರೆ ಅದು ಮಡಿಕೇರಿಯದ್ದಲ್ಲ, ಬೋಂಡಾ ಎಣ್ಣೆ.

ಹೋಗಬಾರದ ಕಡೆ

"ಫೋಟೋ ಚೆನ್ನಾಗಿಲ್ಲ ಅಂದರೆ ನೀವು ಸಾಕಷ್ಟು ಹತ್ತಿರ ಹೋಗಿಲ್ಲ" ಅನ್ನುವ ರಾಬರ್ಟ್ ಕಾಪಾ ಮಾತನ್ನು ಫೋಟೋ ಕಲಿಸುವವರೆಲ್ಲ ಹೇಳುತ್ತಾರೆ. ಅವರು ಯುದ್ಧದ ಫೋಟೋ ತೆಗೆಯುತ್ತಿದ್ದವರು. 1954ರಲ್ಲಿ ವಿಯೆಟ್ನಾಮಿನಲ್ಲಿ ನೆಲಬಾಂಬ್ ತುಳಿದು ಸತ್ತರು. ಇದನ್ನು ಹೇಳುವವರು ಕಡಿಮೆ.

ದಸರಾ ಆನೆಗಳು ಅರಮನೆ ಆವರಣಕ್ಕೆ ಬಂದಿಳಿದ ದಿನದಿಂದ ಸೆಲ್ಫಿಗೆ ನುಗ್ಗುವವರನ್ನು ನೋಡುತ್ತೇನೆ. ಮಾವುತರು ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಆನೆಯ ಕಿವಿ, ಬಾಲ ಓದುವುದಕ್ಕೆ ಬರುತ್ತದೆ, ನಮಗೆ ಬರುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಲೇಬೇಡಿ. ರಂಗನತಿಟ್ಟಿನಲ್ಲಿ ದೋಣಿ ಹೇಗೂ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತದೆ. "ಇನ್ನೂ ಸ್ವಲ್ಪ ಹತ್ತಿರ ಅಣ್ಣಾ" ಅಂತ ದೋಣಿಯವರಿಗೆ ದುಂಬಾಲು ಬೀಳಬೇಡಿ. ಗೂಡಿನಲ್ಲಿ ಮರಿ ಇರುವ ಹಕ್ಕಿ ಹೆದರಿ ಎದ್ದರೆ ಮೊಟ್ಟೆ, ಮರಿ ಬಿಸಿಲಿಗೆ, ಕಾಗೆಗೆ ಸಿಗುತ್ತವೆ. ದೂರದ್ದನ್ನು ಹತ್ತಿರ ತರುವ ದೊಡ್ಡ ಲೆನ್ಸ್ ಇಲ್ಲದಿದ್ದರೆ ಹಕ್ಕಿ ಸಣ್ಣದಾಗೇ ಇರಲಿ, ಕೊಂಬೆ, ನೀರು, ಆಕಾಶ ಸೇರಿಸಿ ತೆಗೆಯಿರಿ. ಸಾವಿನ ಮನೆ, ಆಸ್ಪತ್ರೆಗಳಲ್ಲಿ ಕ್ಯಾಮೆರಾ ತೆಗೆಯುವುದೇ ಬೇಡ.

ದೂರವೇ ಸರಿಯಾದ ಜಾಗಗಳೂ ಇವೆ. ಜಂಬೂ ಸವಾರಿಯ ದಿನ 750 ಕಿಲೋ ಅಂಬಾರಿ ಹೊತ್ತ ಆನೆಯನ್ನು ಮುಖ ತುಂಬಾ ತೆಗೆದರೆ ಅದು ಯಾವ ಆನೆಯಾದರೂ ಆಗಬಹುದು. ಅಂಬಾರಿ, ಹಿಂದೆ ಅರಮನೆ, ಕೆಳಗೆ ಜನಸಾಗರ ಎಲ್ಲಾ ಇದ್ದರೇ ಅದು ದಸರಾ. ಬಯಲು ಖಾಲಿ ಇದೆ ಅನ್ನುವುದನ್ನೇ ತೋರಿಸಬೇಕಿದ್ದರೆ ಖಾಲಿ ಜಾಗ ಬಿಡಲೇಬೇಕು. ದೂರ ನಿಲ್ಲುವುದು ತಪ್ಪಲ್ಲ. ಸುಮ್ನೆ ಅಭ್ಯಾಸಬಲದಿಂದ ದೂರ ನಿಲ್ಲುವುದು ತಪ್ಪು.

ಈಗಾಗಲೇ ತೆಗೆದ ಫೋಟೋಗಳಿಗೆ

ಗ್ಯಾಲರಿಯಲ್ಲಿ ಬಿದ್ದಿರುವ ಹಳೇ ಫೋಟೋಗಳನ್ನು ಅಳಿಸಬೇಡಿ. ಮೂರು ನಾಲ್ಕು ತೆಗೆದುಕೊಂಡು ಕ್ರಾಪ್ ಮಾಡಿ ನೋಡಿ. ಆಕಾಶ ತೆಗೆಯಿರಿ, ನೆಲ ತೆಗೆಯಿರಿ, ಸ್ಕೂಟರ್ ತೆಗೆಯಿರಿ. ಹೀಗೆ ಒಂದು ವಾರ ಮಾಡಿದರೆ ಎಲ್ಲಿ ನಿಲ್ಲಬೇಕಿತ್ತು ಅನ್ನುವುದು ನಿಮಗೇ ಹೊಳೆಯುತ್ತದೆ.

ಎಷ್ಟು ಕತ್ತರಿಸಬಹುದು ಅಂತ ಕೇಳಿದರೆ, 4x6 ಪ್ರಿಂಟಿಗೆ ಬೇಕಾಗಿರುವುದು 1200x1800 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. 12 ಮೆಗಾಪಿಕ್ಸೆಲ್ ಫೋಟೋದ ಐದನೇ ಒಂದು ಭಾಗ ಉಳಿದರೂ ಪ್ರಿಂಟ್ ಚೆನ್ನಾಗಿ ಬರುತ್ತದೆ. ಗೋಡೆಗೆ ಹಾಕುವ 12x18 ಬೇಕಿದ್ದರೆ ಜಾಸ್ತಿ ಕತ್ತರಿಸುವ ಹಾಗಿಲ್ಲ, ಎಂಟು ಒಂಬತ್ತು ಮೆಗಾಪಿಕ್ಸೆಲ್ಲಾದರೂ ಉಳಿಯಬೇಕು. ಮತ್ತೆ ಸ್ಟುಡಿಯೋಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಕ್ರಾಪ್ ಮಾಡಿದ್ದರ ಜೊತೆ ಮೂಲ ಫೋಟೋವನ್ನೂ ಕಳಿಸಿ, ಫ್ರೇಮಿನ ಅಳತೆಗೆ ಒಂಚೂರು ಅಂಚು ಬೇಕಾಗುತ್ತದೆ.